ಒಂದೇ ಗೋಡೆ, ಎಂಬತ್ತು ಪಹಣಿ

ಹೋಟೆಲ್‌ಗಳಲ್ಲಿ ವೈನ್ ಬಡಿಸುವ ಹುಡುಗ ಹುಡುಗಿಯರಿಗೆ ಪಾಠ ಹೇಳುವುದು ನನ್ನ ಕೆಲಸ. ಫ್ರಾನ್ಸಿನ ಬರ್ಗಂಡಿ ಸೀಮೆಯ ಪಾಠ ಬಂದಾಗ ಪ್ರತಿ ಬ್ಯಾಚಿನಲ್ಲೂ ಒಬ್ಬರಾದರೂ ಕೇಳುತ್ತಾರೆ: "ಸರ್, ಎರಡು ಬಾಟ್ಲಿ ಮೇಲೂ ಒಂದೇ ತೋಟದ ಹೆಸರು, ಒಂದೇ ವರ್ಷ. ರೇಟು ಮಾತ್ರ ಯಾಕೆ ಇಷ್ಟು ಜಾಸ್ತಿ ಕಮ್ಮಿ?" ಬೋರ್ಡಿನ ಮೇಲೆ ಎಷ್ಟು ಬರೆದರೂ ಇದು ತಲೆಗೆ ಹತ್ತುವುದು ಕಷ್ಟ. ನನಗೂ ಹತ್ತಿದ್ದು ಅಲ್ಲಿನ ಕ್ಲೋ ದ ವುಜೋ ಅನ್ನುವ ದ್ರಾಕ್ಷಿ ತೋಟದ ಗೋಡೆ ಪಕ್ಕ ನಿಂತಾಗಲೇ.

ಡಿಜೋನ್‌ನಿಂದ ಬೋನ್ ಊರಿಗೆ ಸುಮಾರು 40 ಕಿಲೋಮೀಟರ್. ದಾರಿಯುದ್ದಕ್ಕೂ ಬಲಗಡೆ ಇಳಿಜಾರು, ಅದರ ಮೈತುಂಬ ದ್ರಾಕ್ಷಿ. ಕೆಂಪು ವೈನಿಗೆ ಪಿನೋ ನುವಾರ್, ಬಿಳಿಗೆ ಶಾರ್ಡನೆ. ಬೇರೆ ತಳಿ ತೀರಾ ಕಡಿಮೆ. ಚಿಕ್ಕಬಳ್ಳಾಪುರದ ಕಡೆ ಚಪ್ಪರದ ದ್ರಾಕ್ಷಿ ನೋಡಿದ ಕಣ್ಣಿಗೆ ಆ ಕುಳ್ಳ ಗಿಡಗಳು 'ಇಷ್ಟೇನಾ' ಅನಿಸುತ್ತವೆ.

ಕ್ಲೋ ದ ವುಜೋ ಇರುವುದು ಈ ಇಳಿಜಾರಿನಲ್ಲೇ. ಸಿತೋ ಅನ್ನುವ ಕ್ರೈಸ್ತ ಮಠದ ಸನ್ಯಾಸಿಗಳು 12ನೇ ಶತಮಾನದಿಂದ ಇಲ್ಲಿ ಜಮೀನು ಕೂಡಿಸುತ್ತಾ ಬಂದರು. 1336ರ ಹೊತ್ತಿಗೆ ಸುತ್ತ ಕಲ್ಲಿನ ಗೋಡೆ ಮುಗಿಯಿತು. ಒಳಗೆ ಸುಮಾರು 50 ಹೆಕ್ಟೇರ್, ಅಂದರೆ ಹತ್ತಿರ ಹತ್ತಿರ 125 ಎಕರೆ. ಫ್ರೆಂಚ್ ಕ್ರಾಂತಿಯಲ್ಲಿ ಮಠದ ಆಸ್ತಿಯನ್ನು ಸರ್ಕಾರ ಕಿತ್ತುಕೊಂಡು ಮಾರಿತು. ಆಮೇಲೆ ಒಡೆಯರು ಬದಲಾದರೂ ತೋಟ ಇಡಿಯಾಗೇ ಇತ್ತು. 1889ರಲ್ಲಿ ಅದೂ ತುಂಡಾಯಿತು. ಮುಂದಿನದು ನಮಗೆ ಗೊತ್ತಿಲ್ಲದ ಕಥೆಯೇನಲ್ಲ. ಮಕ್ಕಳಿಗೆಲ್ಲ ಸಮಪಾಲು ಅನ್ನುವ ಕಾನೂನು, ಪಾಲಿನಲ್ಲಿ ಮತ್ತೆ ಪಾಲು. ಈಗ 80ರ ಆಸುಪಾಸು ಮಾಲೀಕರಿದ್ದಾರೆ. ಕೆಲವರದ್ದು ಬರೀ ನಾಲ್ಕಾರು ಸಾಲು ಗಿಡ.

ತೋಟದೊಳಗಿನ ಕೋಟೆಯಂಥ ಕಟ್ಟಡದಲ್ಲಿ ಸನ್ಯಾಸಿಗಳ ಕಾಲದ ಭಾರೀ ಮರದ ಗಾಣಗಳಿವೆ. ನೋಡಲೇಬೇಕು. ಆದರೆ ಅಲ್ಲಿ ಈಗ ವೈನ್ ಮಾಡುವುದಿಲ್ಲ. ಇದು ಗೊತ್ತಿಲ್ಲದೆ ಗ್ಲಾಸು ಹುಡುಕುವವರು ಪಾಪ, ಬಹಳ ಜನ.

ನಾನು ಮೇಲಿನಿಂದ ಕೆಳಕ್ಕೆ ನಡೆದೆ. ಮೇಲ್ಗಡೆ ಮಣ್ಣಿನ ಪದರ ತೆಳು, ಕಾಲಡಿ ಸುಣ್ಣಕಲ್ಲಿನ ಚೂರು ಕರಕರ ಅನ್ನುತ್ತೆ. ಕೆಳಗೆ ಹೆದ್ದಾರಿ ಹತ್ತಿರ ಬರುವಷ್ಟರಲ್ಲಿ ಬೂಟಿಗೆ ಜೇಡಿಮಣ್ಣು ಮೆತ್ತಿ ಕಾಲು ಎತ್ತುವುದೇ ಕಷ್ಟ. ರಾತ್ರಿ ಮಳೆ ಬಂದಿತ್ತು. ಮೇಲೆ ನೀರು ಬಸಿದು ಹೋಗಿದೆ, ಕೆಳಗೆ ಇನ್ನೂ ನಿಂತಿದೆ. ಬೇರು ಒದ್ದೆಯಲ್ಲೇ ಇದ್ದರೆ ಹಣ್ಣಿನ ರಸ ನೀರಾಗುತ್ತೆ. ಆದರೂ ಕಾನೂನಿನ ಪ್ರಕಾರ ಗೋಡೆಯ ಒಳಗಿನದೆಲ್ಲ ಗ್ರಾಂ ಕ್ರೂ, ಅಂದರೆ ಅಲ್ಲಿನ ಅತಿ ಮೇಲಿನ ದರ್ಜೆ. ಗೋಡೆಯ ಆಚೆ ಅಷ್ಟೇ ತಗ್ಗಿನ ಜಮೀನಿಗೆ ಆ ಪಟ್ಟವಿಲ್ಲ. ಇಲ್ಲಿ ದರ್ಜೆ ಕೊಟ್ಟಿದ್ದು ಮಣ್ಣಿಗೋ ಗೋಡೆಗೋ ಅಂತ ನನಗೆ ಇವತ್ತಿಗೂ ಅನುಮಾನ.

ಹಾಗಾದರೆ ಮೇಲಿನ ಹಿಸ್ಸೆಯದ್ದೇ ಒಳ್ಳೇದು ಅಲ್ವಾ? ನಾನೂ ಹಾಗೇ ಅಂದುಕೊಂಡು ಈ ತೋಟದಲ್ಲಿ ಪಾಲಿರುವ ಪಕ್ಕದೂರಿನ ಒಬ್ಬ ಬೆಳೆಗಾರರ ನೆಲಮಾಳಿಗೆಗೆ ಇಳಿದೆ. ಮೊದಲೇ ಹೇಳಿ ಹೋಗಬೇಕು. ಮಧ್ಯಾಹ್ನ ಊಟದ ಹೊತ್ತಿಗೆ ಹೋದರೆ ಬಾಗಿಲು ತೆಗೆಯುವುದಿಲ್ಲ. ಅವರು 228 ಲೀಟರಿನ ಪೀಪಾಯಿಗೆ ಉದ್ದನೆಯ ಗಾಜಿನ ನಳಿಗೆ ಇಳಿಬಿಟ್ಟು, ಮೇಲ್ತುದಿಗೆ ಹೆಬ್ಬೆರಳು ಒತ್ತಿ ವೈನ್ ಎತ್ತಿದರು. ಮೊದಲು ಕೆಂಪು, ಬಿಳಿ ಆಮೇಲೆ. ಬರ್ಗಂಡಿಯ ನೆಲಮಾಳಿಗೆಗಳಲ್ಲಿ ಸಾಮಾನ್ಯವಾಗಿ ಹೀಗೇ. ಬಿಳಿಯ ಹುಳಿ ಬಾಯಲ್ಲಿದ್ದಾಗ ಕೆಂಪಿನ ಒಗರು ಇನ್ನೂ ಒರಟಾಗುತ್ತೆ. ಗ್ಲಾಸಿನಲ್ಲಿ ಉಳಿದದ್ದನ್ನು ಅವರು ಚೆಲ್ಲಲಿಲ್ಲ, ವಾಪಸ್ ಪೀಪಾಯಿಗೇ ಸುರಿದರು.

ಅವರ ವುಜೋದಲ್ಲಿ ನೇರಳೆಹಣ್ಣಿನ ಒಗರಿತ್ತು, ಆದರೆ ನಾಲಿಗೆಗೆ ಅಂಟಲಿಲ್ಲ. ಉಗಿದ ಮೇಲೂ ಪರಿಮಳ ಬಾಯಲ್ಲಿ ಉಳಿಯಿತು. ಹೌದು, ಉಗಿಯಲೇಬೇಕು. ಮೊದಲ ಸಲ ಹೋದಾಗ ಮರ್ಯಾದೆ ಅಂತ ಎಲ್ಲ ನುಂಗಿ, ಹನ್ನೊಂದು ಗಂಟೆಗೇ ನನ್ನ ನೋಟ್‌ಬುಕ್ಕಿನ ಅಕ್ಷರ ನನಗೇ ಓದಲಾಗುತ್ತಿರಲಿಲ್ಲ.

ಸಂಜೆ ಬೋನ್‌ನ ಅಂಗಡಿಯೊಂದರಲ್ಲಿ ಬೇರೆ ಮಾಲೀಕರ ವುಜೋ ಸಿಕ್ಕಿತು. ವರ್ಷ ಅದೇ. ಒಗರು ಬಿಟ್ಟರೆ ಬೇರೇನೂ ಇಲ್ಲ, ಸುಮ್ನೆ ಭಾರ. ಯಾರ ಹಿಸ್ಸೆ ಎಲ್ಲಿದೆ ಅಂತ ಬೆಳಿಗ್ಗೆ ಆ ಬೆಳೆಗಾರರು ಕೊಟ್ಟ ನಕ್ಷೆ ಜೇಬಿನಲ್ಲಿತ್ತು, ತೆಗೆದು ನೋಡಿದೆ. ಸಂಜೆಯದ್ದು ಗುಡ್ಡದ ಮೇಲಿನ ಹಿಸ್ಸೆಯದ್ದು. ಬೆಳಿಗ್ಗೆ ಕುಡಿದದ್ದು ಬೂಟು ಹೂತಿದ್ದ ಆ ಕೆಳಗಿನ ಸಾಲುಗಳದ್ದು. ಆ ಬೆಳೆಗಾರರ ಗಿಡಗಳು ಹಳೆಯವು, ಗಿಡಕ್ಕೆ ಹಣ್ಣು ಕಮ್ಮಿ ಬಿಡುವಂತೆ ನೋಡಿಕೊಳ್ಳುತ್ತಾರೆ, ಕೆಟ್ಟ ಗೊಂಚಲನ್ನು ಕೈಯಲ್ಲೇ ಆರಿಸಿ ಬಿಸಾಡುತ್ತಾರೆ.

ಈಗ ಕ್ಲಾಸಿನಲ್ಲಿ ಆ ಪ್ರಶ್ನೆ ಬಂದರೆ ಎರಡು ಖಾಲಿ ಬಾಟ್ಲಿ ಮೇಜಿನ ಮೇಲಿಡುತ್ತೇನೆ. ತೋಟದ ಹೆಸರನ್ನು ಬೆರಳಿನಿಂದ ಮುಚ್ಚಿ, ಕೆಳಗೆ ಸಣ್ಣ ಅಕ್ಷರದಲ್ಲಿರುವ ಬೆಳೆಗಾರರ ಹೆಸರು ಓದಿ ಅನ್ನುತ್ತೇನೆ.