ಸಿಎನ್‌ಸಿ ಲೇತ್ ಆರಿಸುವಾಗ: ಕಿಲೋವ್ಯಾಟ್ ಸಾಕು, ಟಾರ್ಕ್ ಸಾಲದು

ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ) ಲೇತ್‌ನ ಕ್ಯಾಟಲಾಗ್‌ನಲ್ಲಿ ‘ಸ್ಪಿಂಡಲ್ ಮೋಟರ್ 11/7.5 ಕಿ.ವ್ಯಾ.’ (ಸ್ಪಿಂಡಲ್ ಎಂದರೆ ಜಾಬ್ ಹಿಡಿದು ತಿರುಗಿಸುವ ಶಾಫ್ಟ್) ಎಂದಿದ್ದರೆ, 11 ಸಾಮಾನ್ಯವಾಗಿ ಅರ್ಧ ಗಂಟೆಯ ಮಾತು. ದಿನವಿಡೀ ಸಿಗುವುದು 7.5. ಲೆಕ್ಕಕ್ಕೆ ಅದನ್ನೇ ಹಿಡಿಯಬೇಕು. ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ.

ಜಾಬ್: 160 ಮಿ.ಮೀ. ವ್ಯಾಸದ ಇಎನ್ 8 (ಮಧ್ಯಮ ಇಂಗಾಲದ ಉಕ್ಕು) ಫ್ಲ್ಯಾಂಜ್, ಹೊರ ವ್ಯಾಸದ ರಫಿಂಗ್ (ಮೊದಲ ಒರಟು ಕಟ್). ಕಟಿಂಗ್ ಸ್ಪೀಡ್ ನಿಮಿಷಕ್ಕೆ 200 ಮೀಟರ್, ಡೆಪ್ತ್ 3 ಮಿ.ಮೀ., ಫೀಡ್ (ಟೂಲ್ ಮುಂದೆ ಸರಿಯುವುದು) ಒಂದು ಸುತ್ತಿಗೆ 0.3 ಮಿ.ಮೀ. ಈ ಉಕ್ಕಿಗೆ ಪ್ರತಿ ಚದರ ಮಿ.ಮೀ. ಕಟ್‌ಗೆ ಸುಮಾರು 2000 ನ್ಯೂಟನ್ ಬೇಕು.

ಬಲ: 3 × 0.3 × 2000 = 1800 ನ್ಯೂಟನ್.
ಪವರ್: 1800 × 200 ÷ 60,000 = 6 ಕಿ.ವ್ಯಾ.

7.5 ಇದೆ, 6 ಸಾಕು, ಮೆಷಿನ್ ಓಕೆ ಅನ್ನಿಸುತ್ತದೆ. ಆದರೆ ಕಟ್‌ಗೆ ಇಳಿಸಿದರೆ ಲೋಡ್ ಮೀಟರ್ ಕೆಂಪಿಗೇರಿ ಸ್ಪಿಂಡಲ್ ಕುಸಿಯುತ್ತದೆ, ಇನ್ಸರ್ಟ್ (ಟೂಲ್ ತುದಿಯ ಕಟಿಂಗ್ ತುಣುಕು) ಮೂಲೆ ಹಾರುತ್ತದೆ.

ಕಾರಣ ವೇಗ. 160 ವ್ಯಾಸಕ್ಕೆ 200 ಮೀಟರ್ ಎಂದರೆ ಬರೀ 398 ಆರ್‌ಪಿಎಂ. ಬೇಕಾದ ಟಾರ್ಕ್ (ತಿರುಗಿಸುವ ಬಲ), 1800 × 0.08 (ತ್ರಿಜ್ಯ, ಮೀಟರ್‌ನಲ್ಲಿ) = 144 ನ್ಯೂಟನ್-ಮೀಟರ್. ಮೋಟರ್ ತನ್ನ ಪೂರ್ತಿ 7.5 ಕೊಡುವುದು ಬೇಸ್ ಸ್ಪೀಡ್ ಮುಟ್ಟಿದ ಮೇಲೆ. ಅದು 1500 ಆರ್‌ಪಿಎಂ ಎಂದಿಟ್ಟುಕೊಳ್ಳಿ: 9550 × 7.5 ÷ 1500, ಅಂದರೆ ಸುಮಾರು 48 ನ್ಯೂಟನ್-ಮೀಟರ್ (9550 ಎಂಬುದು ಕಿ.ವ್ಯಾ. ಮತ್ತು ಆರ್‌ಪಿಎಂನಿಂದ ಟಾರ್ಕ್ ತೆಗೆಯುವ ಸ್ಥಿರಾಂಕ). ಬೆಲ್ಟ್ ವೇಗವನ್ನು ಒಂದೂವರೆ ಪಟ್ಟು ಇಳಿಸಿದರೆ ಸ್ಪಿಂಡಲ್‌ನಲ್ಲಿ 72. ಬೇಕಾದ್ದರ ಅರ್ಧ!

‘ಆರ್‌ಪಿಎಂ ಇಳಿಸಿದರೆ ಶಕ್ತಿ ಬರುತ್ತದಲ್ಲ?’ ಇದು ಗೇರ್ ಹೆಡ್‌ನ ಹಳೇ ಎಚ್‌ಎಂಟಿ ಲೇತ್ ಕಲಿಸಿದ ಪಾಠ. ಅಲ್ಲಿ ಲಿವರ್ ಬದಲಿಸಿದರೆ ಹಲ್ಲಿನ ಅನುಪಾತವೇ ಬದಲಾಗಿ ಟಾರ್ಕ್ ಏರುತ್ತದೆ. ಬೆಲ್ಟ್ ಡ್ರೈವ್ ಸಿಎನ್‌ಸಿಯಲ್ಲಿ ಅನುಪಾತ ಒಂದೇ. ಬೇಸ್ ಸ್ಪೀಡ್‌ಗಿಂತ ಕೆಳಗೆ ಟಾರ್ಕ್ ಇದ್ದಷ್ಟೇ ಇರುತ್ತದೆ, ಪವರ್ ಮಾತ್ರ ಕರಗುತ್ತದೆ. ಮೇಲಿನ ಮೆಷಿನ್ ಸ್ಪಿಂಡಲ್‌ನಲ್ಲಿ 398ಕ್ಕೆ ಸಿಗುವುದು ಸುಮಾರು 3 ಕಿ.ವ್ಯಾ. ಅದರಲ್ಲೇ ನಡೆಸುವುದಾದರೆ ಡೆಪ್ತ್ 1.5ಕ್ಕೆ ಇಳಿಸಿ ಎರಡು ಪಾಸ್. ಇನ್ಸರ್ಟ್ ಸವಕಳಿ ಸೇರಿಸಿದರೆ 1.25 ಅನ್ನಿ, ಅಂದರೆ ಮೂರು ಪಾಸ್. ಸೈಕಲ್ ಟೈಮ್ ಎಲ್ಲಿ ಹೋಯಿತು ಎಂಬುದಕ್ಕೆ ಉತ್ತರ ಇಲ್ಲೇ ಇದೆ.

ಅಡ್ಡದಾರಿ: 9550 × 7.5 ÷ 144 = 497. ಸ್ಪಿಂಡಲ್ ಮಟ್ಟದ (ಬೆಲ್ಟ್ ಇಳಿಸಿದ ಮೇಲಿನ) ಬೇಸ್ ಸ್ಪೀಡ್ ಇದಕ್ಕಿಂತ ಕೆಳಗಿರಬೇಕು. ನಷ್ಟಕ್ಕೆ ಜಾಗ ಬಿಟ್ಟು 420 ಕೇಳಿ. ಸೇಲ್ಸ್‌ನವರಿಂದ ‘ಎಷ್ಟು ಎಚ್‌ಪಿ’ ಬೇಡ, ಪವರ್-ಟಾರ್ಕ್ ಗ್ರಾಫ್ ತರಿಸಿ. ಅದರಲ್ಲೂ ನಿರಂತರ ರೇಟಿಂಗ್‌ನ ಗೆರೆ ನೋಡಿ, ಮೇಲಿನದು ಅರ್ಧ ಗಂಟೆಯದು. ನಿಮ್ಮ ಜಾಬ್ ಬರೀ 40 ವ್ಯಾಸದ ಪಿನ್ ಆದರೆ ಈ ತಲೆನೋವೇ ಇಲ್ಲ: 1592 ಆರ್‌ಪಿಎಂ, 36 ನ್ಯೂಟನ್-ಮೀಟರ್, ಅದೇ ಮೆಷಿನ್ ಆರಾಮ.

ಉಳಿದವು ಚಿಕ್ಕವು. ‘ಸ್ವಿಂಗ್ ಓವರ್ ಬೆಡ್’ (ಬೆಡ್‌ಗೆ ತಾಗದೆ ತಿರುಗಬಲ್ಲ ವ್ಯಾಸ) ಅಂಕಿ ನಂಬಬೇಡಿ. ಟರ್ನ್ ಮಾಡಬಲ್ಲ ಗರಿಷ್ಠ ವ್ಯಾಸ ಅದಕ್ಕಿಂತ ಬಹಳ ಕಡಿಮೆ. ಉದ್ದನೆಯ ಬೋರಿಂಗ್ ಬಾರ್ ಹಾಕಿದಾಗ ಪಕ್ಕದ ಟೂಲ್ ಚಕ್‌ಗೆ ತಾಗುತ್ತದೆಯೇ ಎಂದು ಟರೆಟ್ (ಟೂಲ್‌ಗಳನ್ನು ಹಿಡಿಯುವ ತಿರುಗು ತಲೆ) ಡ್ರಾಯಿಂಗ್‌ನಲ್ಲಿ ಅಳೆಯಿರಿ. ಫೋರ್ಜಿಂಗ್‌ನಂಥ ಬಿಟ್ಟುಬಿಟ್ಟು ಬರುವ ಕಟ್ ಇದ್ದರೆ ಬಾಕ್ಸ್ ಗೈಡ್‌ವೇ (ಅಗಲ ಮೈಯ ಜಾರುಹಳಿ), ವೇಗದ ಸಣ್ಣ ಜಾಬ್‌ಗೆ ಎಲ್‌ಎಂ ಗೈಡ್ (ಉರುಳುವ ಬಾಲ್ ಅಥವಾ ರೋಲರ್‌ಗಳ ಹಳಿ).

ಟ್ರಯಲ್‌ಗೆ ನಿಮ್ಮದೇ 30 ಫ್ಲ್ಯಾಂಜ್ ಒಯ್ಯಿರಿ, ತಣ್ಣನೆಯ ಮೆಷಿನ್‌ನಲ್ಲಿ ಶುರು ಮಾಡಿಸಿ. ಆಫ್‌ಸೆಟ್ (ಟೂಲ್ ಸ್ಥಾನದ ತಿದ್ದುಪಡಿ) ಮುಟ್ಟಲು ಬಿಡದೆ, ಮೊದಲನೆಯದರ ಬೋರ್ ಮತ್ತು ಒಂದು ಗಂಟೆ ಕಳೆದ ಮೇಲಿನದರ ಬೋರ್ ಅಳೆದು ಹೋಲಿಸಿ: ಮೆಷಿನ್ ಬಿಸಿಯಾದಂತೆ ಅಳತೆ ಎಷ್ಟು ಸರಿಯುತ್ತದೆ ಎಂದು ತಿಳಿಯುತ್ತದೆ.