ಪದ ಪರಿಚಯ: ಹುಡುಕಾಟ ಸ್ಪರ್ಧೆ

ಸೋಪು ಹಚ್ಚಿ ಉಜ್ಜಿದ ಬಟ್ಟೆಯನ್ನು ನೀರಿನಲ್ಲಿ ಅದ್ದಿ ಅತ್ತಿತ್ತ ಆಡಿಸಿ ತೆಗೆಯುವುದಕ್ಕೆ ನಮ್ಮ ಕಡೆ ‘ಜಾಲಾಡುವುದು’ ಅನ್ನುತ್ತಾರೆ. ಕಳೆದುಹೋದ ಓಲೆಗಾಗಿ ಮೂಲೆಮೂಲೆ ತಡಕಿದವರೂ ‘ಇಡೀ ಮನೆ ಜಾಲಾಡಿಬಿಟ್ಟೆ’ ಅನ್ನುತ್ತಾರೆ. ಅಂತರ್ಜಾಲ ಬಂದ ಮೇಲೆ ಆ ಮಾತಿಗೆ ಇನ್ನೊಂದು ಅರ್ಥ ತಾನಾಗಿ ಬಂದು ಸೇರಿಕೊಂಡಿತು. ಹುಡುಕಾಟ ಸ್ಪರ್ಧೆ ಎಂದರೇನು ಎಂದು ಯಾರಾದರೂ ಕೇಳಿದಾಗ ನನ್ನ ಬಾಯಿಗೆ ಮೊದಲು ಬರುವುದು ಈ ಪದವೇ. ಹುಡುಕುವುದು, ತೊಳೆಯುವುದು, ಎರಡೂ ಅದರಲ್ಲಿವೆ. ಸಿಕ್ಕಿದ್ದನ್ನೆಲ್ಲ ಎತ್ತಿಕೊಂಡು ಬಂದರೆ ಅರ್ಧ ಕೆಲಸ, ಕೊಳೆ ಬಿಟ್ಟುಹೋಗುವಂತೆ ಜಾಲಾಡಿ ತಂದರೆ ಪೂರ್ತಿ ಕೆಲಸ.

ಆಟ ಹೀಗೆ. ಸ್ಪರ್ಧಿಗೆ ಉತ್ತರ ಗೊತ್ತಿಲ್ಲದ, ಆದರೆ ಅಂತರ್ಜಾಲದಲ್ಲಿ ಎಲ್ಲೋ ಒಂದು ಕಡೆ ಇರುವ ವಿಷಯದ ಮೇಲೆ ಪ್ರಶ್ನೆ ಕೊಡುತ್ತಾರೆ. ಯಾವ ತಾಣ ಬೇಕಾದರೂ ನೋಡಬಹುದು, ಎಂಥ ಪದ ಬೇಕಾದರೂ ಹಾಕಿ ಹುಡುಕಬಹುದು. ಗೊತ್ತುಮಾಡಿದ ಸಮಯದೊಳಗೆ ಉತ್ತರವನ್ನೂ ಅದು ಸಿಕ್ಕಿದ ಜಾಗವನ್ನೂ ಬರೆದು ಕೊಡಬೇಕು. ರಸಪ್ರಶ್ನೆ ಸ್ಪರ್ಧೆಗೂ ಇದಕ್ಕೂ ಇರುವ ವ್ಯತ್ಯಾಸ ಇಲ್ಲೇ ಇದೆ. ರಸಪ್ರಶ್ನೆಯಲ್ಲಿ ಗೆಲ್ಲುವುದು ನೆನಪು. ಅಲ್ಲಿ ಫೋನ್ ಮುಟ್ಟಿದರೆ ಕಳ್ಳಾಟ. ಇಲ್ಲಿ ಫೋನೇ ಆಟದ ಮೈದಾನ. ನನ್ನ ಮಟ್ಟಿಗೆ ಹೇಳುವುದಾದರೆ, ಇಲ್ಲಿ ಅಂಕ ಸಲ್ಲಬೇಕಾದ್ದು ಉತ್ತರ ಸಿಕ್ಕ ದಾರಿಗೆ. ಬರಿಯ ಉತ್ತರಕ್ಕೆ ಅಂಕ ಕೊಡುವ ಸ್ಪರ್ಧೆಯನ್ನು ನಾನು ಹುಡುಕಾಟ ಸ್ಪರ್ಧೆ ಎಂದು ಒಪ್ಪುವುದಿಲ್ಲ.

ಮಾತಿನಲ್ಲಿ ಹೇಳುವುದಕ್ಕಿಂತ ಒಂದು ಪ್ರಶ್ನೆಯನ್ನೇ ಬಿಡಿಸಿ ತೋರಿಸುತ್ತೇನೆ. ಪ್ರೌಢಶಾಲೆಯ ಮಕ್ಕಳಿಗೆ ನಾನು ಕೊಡುವ ಪ್ರಶ್ನೆಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಇದು: “ಕನ್ನಡದ ಮೊದಲ ಪತ್ರಿಕೆಯ ಸಂಪಾದಕರ ಜೊತೆಗಾರರೊಬ್ಬರು ನೆರೆಯ ಭಾಷೆಗೆ ದೊಡ್ಡ ನಿಘಂಟು ಮಾಡಿಕೊಟ್ಟರು. ಅವರ ಮಗಳ ಮಗನಿಗೆ ನೊಬೆಲ್ ಬಹುಮಾನ ಬಂತು. ಯಾವ ವರ್ಷ?”

ಈ ಪ್ರಶ್ನೆಯನ್ನು ಇಡಿಯಾಗಿ ಹುಡುಕುಪೆಟ್ಟಿಗೆಗೆ ಸುರಿದರೆ ಸಾಮಾನ್ಯವಾಗಿ ಕೆಲಸಕ್ಕೆ ಬರುವುದೇನೂ ಸಿಗುವುದಿಲ್ಲ. ಗಂಟು ಒಂದೊಂದಾಗಿ ಬಿಚ್ಚಬೇಕು. ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’, 1843ರ ಜುಲೈ 1ರಂದು ಹೊರಬಂದದ್ದು. ನಮ್ಮಲ್ಲಿ ಪತ್ರಿಕಾ ದಿನ ಆಚರಿಸುವುದು ಅದೇ ದಿನ. ಸಂಪಾದಕರು ಬಾಸೆಲ್ ಮಿಷನ್ ಎಂಬ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯ ಹರ್ಮನ್ ಮೋಗ್ಲಿಂಗ್. ಇಲ್ಲಿಗೆ ಬಂದವರಲ್ಲಿ ಬಹಳ ಮಂದಿ ‘ನಿಘಂಟು’ ಎಂಬ ಪದ ಕಂಡ ಕೂಡಲೇ ಕಿಟೆಲ್ ಕಡೆಗೆ ಓಡುತ್ತಾರೆ. ಕಿಟೆಲರ 1894ರ ನಿಘಂಟು ಕನ್ನಡದ್ದು, ಪ್ರಶ್ನೆ ಕೇಳುತ್ತಿರುವುದು ನೆರೆಯ ಭಾಷೆಯದು. ಪ್ರಶ್ನೆಯನ್ನು ಮತ್ತೊಮ್ಮೆ ಓದಿದವರು ಮಲಯಾಳಂ ಕಡೆ ತಿರುಗಿ, 1872ರ ನಿಘಂಟಿನ ಕರ್ತೃ ಹರ್ಮನ್ ಗುಂಡರ್ಟ್ ಅವರನ್ನು ಮುಟ್ಟುತ್ತಾರೆ. ಗುಂಡರ್ಟರ ಮಗಳು ಮೇರಿ ಹುಟ್ಟಿದ್ದು ಕೇರಳದ ತಲಶ್ಶೇರಿಯಲ್ಲಿ. ಮೇರಿಯ ಮಗ ಕಾದಂಬರಿಕಾರ ಹರ್ಮನ್ ಹೆಸ್ಸೆ, ಸಾಹಿತ್ಯದ ನೊಬೆಲ್ 1946ರಲ್ಲಿ.

ಮೂವರ ಹೆಸರೂ ಹರ್ಮನ್. ಬರೀ ಹೆಸರು ಹಿಡಿದು ಹೊರಟವರು ಇವರ ಕಥೆ ಅವರಿಗೆ ಅಂಟಿಸಿಕೊಂಡು ಬರುತ್ತಾರೆ. ಹುಡುಕುವಾಗ ಹೆಸರಿನ ಜೊತೆ ಊರನ್ನೋ ವರ್ಷವನ್ನೋ ಸೇರಿಸಬೇಕೆಂಬುದು ಮಕ್ಕಳಿಗೆ ಈ ಒಂದು ಪ್ರಶ್ನೆಯಲ್ಲೇ ತಲೆಗೆ ಹೋಗುತ್ತದೆ. 1946 ಎಂಬ ನಾಲ್ಕು ಅಂಕಿಯನ್ನು ಪಕ್ಕದವನಿಂದ ನೋಡಿ ಬರೆಯಬಹುದು. ಮಂಗಳೂರಿನಿಂದ ತಲಶ್ಶೇರಿಗೆ, ಅಲ್ಲಿಂದ ಜರ್ಮನಿಗೆ ಹೋದ ದಾರಿಯನ್ನು ಹಾಗೆ ನೋಡಿ ಬರೆಯಲಾಗದು.

ಈ ಆಟ ಗೂಗಲ್‌ಗಿಂತ ಹಳೆಯದು. 1992ರಲ್ಲಿ ಅಮೆರಿಕದ ರಿಕ್ ಗೇಟ್ಸ್ ಎಂಬವರು ‘ಇಂಟರ್ನೆಟ್ ಹಂಟ್’ ಎಂಬ ತಿಂಗಳ ಸ್ಪರ್ಧೆ ಶುರುಮಾಡಿದರು. ಆಗ ವೆಬ್ ಎಂಬುದು ಇನ್ನೂ ಕಣ್ಣು ಬಿಡುತ್ತಿದ್ದ ಕೂಸು, ಗೂಗಲ್ ಕಂಪನಿ ಹುಟ್ಟಲು ಇನ್ನೂ ಆರು ವರ್ಷವಿತ್ತು. ಗೋಫರ್, ಟೆಲ್ನೆಟ್ ಮುಂತಾದ ದಾರಿಗಳಲ್ಲಿ ಒಂದೊಂದೇ ಕಂಪ್ಯೂಟರಿನ ಬಾಗಿಲು ತಟ್ಟಿ ಉತ್ತರ ತರಬೇಕಿತ್ತು. ಇದೇ ಗೇಟ್ಸ್ 1993ರಲ್ಲಿ, ಎಲ್ಲರೂ ಸೇರಿ ಬರೆಯುವ ಒಂದು ವಿಶ್ವಕೋಶ ಅಂತರ್ಜಾಲದಲ್ಲಿ ಇರಲಿ ಎಂಬ ಸಲಹೆ ಮುಂದಿಟ್ಟರು. ವಿಕಿಪೀಡಿಯ ಬಂದದ್ದು 2001ರಲ್ಲಿ. ಹುಡುಕುವ ಆಟ ಕಟ್ಟಿದವನಿಗೇ ಹುಡುಕಿದ್ದನ್ನು ಒಂದೆಡೆ ಕೂಡಿಡುವ ಯೋಚನೆಯೂ ಬಂದದ್ದು ನನಗೆ ಬಹಳ ಹಿಡಿಸಿದ ಸಂಗತಿ.

2011ರ ಏಪ್ರಿಲ್‌ನಲ್ಲಿ ಗೂಗಲ್ ತಾನೇ ‘ಎ ಗೂಗಲ್ ಎ ಡೇ’ ಎಂದು ದಿನಕ್ಕೊಂದು ಹುಡುಕಾಟದ ಪ್ರಶ್ನೆ ಕೊಡತೊಡಗಿತು. ಸ್ಪರ್ಧೆ ನಡೆಸುವವರಿಗೆಲ್ಲ ಇರುವ ಒಂದು ತಲೆನೋವು ಅವರಿಗೂ ಇತ್ತು: ಮೊದಲು ಉತ್ತರ ಕಂಡವರು ಅದನ್ನು ಎಲ್ಲಾದರೂ ಬರೆದುಬಿಟ್ಟರೆ ಹಿಂದೆ ಬಂದವರಿಗೆ ಅದೇ ಮೊದಲ ಸಾಲಿನಲ್ಲಿ ಸಿಗುತ್ತದೆ. ಅದಕ್ಕೆ, ಆಟ ಶುರುವಾಗುವುದಕ್ಕೆ ಮುಂಚಿನ ಅಂತರ್ಜಾಲವನ್ನಷ್ಟೇ ತೋರಿಸುವ ಬೇರೆಯದೇ ಹುಡುಕುಪೆಟ್ಟಿಗೆಯನ್ನು ಅವರು ಕಟ್ಟಿಕೊಟ್ಟರು. ನಮ್ಮಂಥವರ ಕೈಯಲ್ಲಿ ಅದಾಗದು. ಒಂದೇ ಹೊತ್ತಿಗೆ ಎಲ್ಲರಿಗೂ ಪ್ರಶ್ನೆ ಕೊಟ್ಟು ಒಂದೇ ಹೊತ್ತಿಗೆ ಮುಗಿಸುವುದು ನಮ್ಮ ಉಪಾಯ.

2009ರ ಡಿಸೆಂಬರ್ 5ರಂದು ಅಮೆರಿಕದ ರಕ್ಷಣಾ ಸಂಶೋಧನಾ ಸಂಸ್ಥೆ ಡಾರ್ಪಾ ನಡೆಸಿದ ಸ್ಪರ್ಧೆಯದು ಇನ್ನೊಂದು ಬಗೆ. ದೇಶದಾದ್ಯಂತ ಹತ್ತು ಕೆಂಪು ಬಲೂನು ಹಾರಿಸಿ, ಎಲ್ಲವೂ ಎಲ್ಲಿವೆ ಎಂದು ಮೊದಲು ಹೇಳಿದ ತಂಡಕ್ಕೆ 40,000 ಡಾಲರ್ ಎಂದರು. ಅಲ್ಲಿನ ಎಂಐಟಿ ವಿಶ್ವವಿದ್ಯಾಲಯದ ತಂಡ ಒಂಬತ್ತು ಗಂಟೆಯೊಳಗೆ ಹತ್ತನ್ನೂ ಗುರುತಿಸಿತು. ಬಲೂನು ಕಂಡವರಿಗೆ ಮಾತ್ರವಲ್ಲ, ಕಂಡವರನ್ನು ಕರೆತಂದವರಿಗೂ, ಅವರನ್ನು ಕರೆತಂದವರಿಗೂ ಪಾಲು ಕೊಡುತ್ತೇವೆಂದು ಆ ತಂಡ ಸಾರಿತ್ತು. ಅಲ್ಲಿಯೂ ಕಷ್ಟವಾದದ್ದು ಸುಳ್ಳು ಸುದ್ದಿಯನ್ನು ಬೇರ್ಪಡಿಸುವುದು. ಬಲೂನೇ ಇಲ್ಲದ ಊರಿನಲ್ಲಿ ಅದನ್ನು ಕಂಡೆವೆಂದು ಹೇಳಿದವರಿದ್ದರು.

ಸ್ಪರ್ಧೆ ನಡೆಸುವುದೆಂದರೆ ಸಭಾಂಗಣ, ಬ್ಯಾನರು, ಪ್ರಮಾಣಪತ್ರ ಎಂದುಕೊಂಡವರಿಗೆ ಒಂದು ಮಾತು: ಮುಕ್ಕಾಲು ಪಾಲು ಕೆಲಸ ಪ್ರಶ್ನೆ ಕಟ್ಟುವುದರಲ್ಲಿದೆ. ಅದನ್ನು ನಾನು ಪೆಟ್ಟು ತಿಂದು ಕಲಿತೆ. ಕೆಲವು ವರ್ಷದ ಹಿಂದೆ ತಾಲ್ಲೂಕು ಮಟ್ಟದ ಒಂದು ಸ್ಪರ್ಧೆಗೆ ಸುಲಭದ ಪ್ರಶ್ನೆ ಇರಲಿ ಎಂದು “ಕನ್ನಡದ ಅತಿ ಹಳೆಯ ಶಾಸನ ಯಾವುದು?” ಎಂದು ಹಾಕಿದ್ದೆ. ನನ್ನ ಉತ್ತರಪಟ್ಟಿಯಲ್ಲಿ ಹಲ್ಮಿಡಿ ಎಂದಿತ್ತು. ಶಾಲೆಯಲ್ಲಿ ಓದಿದ್ದು, ಸುಮಾರು 450ರದು, ಬೇಲೂರು ತಾಲ್ಲೂಕಿನದು. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ತಾಳಗುಂದ ಎಂದು ಬರೆದಿದ್ದಳು. ತಪ್ಪು ಹಾಕಿದೆ. ಅವಳು ಉತ್ತರಪತ್ರಿಕೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದು ಮೆಲ್ಲಗೆ, “ಸರ್, ಕೊಂಡಿ ಬರ್ದಿದೀನಿ. ನೀವು ತೆಗೆದು ನೋಡ್ಲಿಲ್ವಾ?” ಎಂದಳು.

ನೋಡಿರಲಿಲ್ಲ. ತೆಗೆದು ನೋಡಿದೆ. ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಪ್ರಣವೇಶ್ವರ ದೇವಸ್ಥಾನದ ಆವರಣದಲ್ಲಿ, ಪುರಾತತ್ವ ಸರ್ವೇಕ್ಷಣ ಇಲಾಖೆ 2013ರಲ್ಲಿ ಉತ್ಖನನ ಮಾಡಿದಾಗ ಮೆಟ್ಟಿಲಿನ ಸಿಂಹಕಟಾಂಜನದ, ಅಂದರೆ ಸಿಂಹ ಕೆತ್ತಿದ ಪಕ್ಕದ ತಡೆಗಲ್ಲಿನ, ಮೇಲೆ ಬರಹ ಸಿಕ್ಕಿದೆ. ಅದರ ಕಾಲ ಸುಮಾರು 370 ಎಂದು ಹೇಳಲಾಗಿದೆ. ಹಲ್ಮಿಡಿಗಿಂತ ಎಂಬತ್ತು ವರ್ಷ ಹಿಂದಿನದು. ಮಗು ಸರಿ, ನಾನು ತಪ್ಪು. ಅಷ್ಟು ಜನರ ಮುಂದೆ ಅವಳ ಅಂಕ ತಿದ್ದಿ, ಹಲ್ಮಿಡಿ ಎಂದು ಬರೆದವರಿಗೂ ಕೊಂಡಿ ಸರಿಯಿದ್ದರೆ ಅಂಕ ಎಂದು ಹೇಳಿದೆ. ಅಂದಿನಿಂದ ‘ಅತಿ ಹಳೆಯ’, ‘ಮೊಟ್ಟಮೊದಲ’, ‘ಅತಿ ದೊಡ್ಡ’ ಎಂಬ ಪದ ನನ್ನ ಪ್ರಶ್ನೆಗಳಲ್ಲಿ ಬಂದರೆ ಎರಡು ಸಲ ಯೋಚಿಸುತ್ತೇನೆ. ಅಂಥ ಪ್ರಶ್ನೆ ಬೇಕೇ ಬೇಕೆಂದರೆ ‘ಯಾರ ಪ್ರಕಾರ’ ಎಂದೂ ಕೇಳುತ್ತೇನೆ. ಪ್ರಶ್ನೆ ಕಟ್ಟಿದವನು ಅದನ್ನು ಸ್ಪರ್ಧೆಯ ಹಿಂದಿನ ದಿನ ತಾನೇ ಇನ್ನೊಮ್ಮೆ ಹುಡುಕಿ ನೋಡಲೇಬೇಕು. ತೋರಿಸಿದ್ದ ಪುಟ ಅಷ್ಟರಲ್ಲಿ ಮಾಯವಾಗಿದ್ದರೂ ಆಶ್ಚರ್ಯವಿಲ್ಲ. ಪ್ರಶ್ನೆಯನ್ನು ನೋಡಿರದ ಇನ್ನೊಬ್ಬರ ಕೈಲೂ ಹುಡುಕಿಸಿ, ಅವರಿಗೆ ಎಷ್ಟು ಹೊತ್ತು ಹಿಡಿಯಿತೆಂದು ನೋಡಿ ಸಮಯ ಗೊತ್ತುಮಾಡಿದರೆ ಚೆನ್ನ.

ಕನ್ನಡದಲ್ಲಿ ಈ ಸ್ಪರ್ಧೆ ನಡೆಸುವಾಗ ಬರುವ ತೊಡಕುಗಳೇ ಬೇರೆ, ಅವುಗಳ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ನಮ್ಮ ಭಾಷೆಯಲ್ಲಿ ಪದ ಬಿಡಿಯಾಗಿ ನಿಲ್ಲುವುದಿಲ್ಲ. ತಾಳಗುಂದ, ತಾಳಗುಂದದ, ತಾಳಗುಂದದಲ್ಲಿ, ತಾಳಗುಂದವು — ಪ್ರತ್ಯಯ ಅಂಟಿದಂತೆಲ್ಲ ರೂಪ ಬದಲಾಗುತ್ತದೆ. ಉದ್ಧರಣ ಚಿಹ್ನೆಯೊಳಗೆ ಒಂದು ರೂಪ ಹಾಕಿ ಹುಡುಕಿದರೆ ಉಳಿದ ರೂಪ ಇರುವ ಪುಟಗಳು ತಪ್ಪಿಹೋಗಬಹುದು. ಹೊರಗಿನ ಹೆಸರುಗಳದ್ದು ಇನ್ನೊಂದು ಪಾಡು: ಮೋಗ್ಲಿಂಗ್ ಎಂದು ಬರೆಯುವವರಿದ್ದಾರೆ, ಮೊಗ್ಲಿಂಗ್ ಎನ್ನುವವರಿದ್ದಾರೆ, ಮೆಗ್ಲಿಂಗ್ ಎನ್ನುವವರೂ ಇದ್ದಾರೆ. ಊರಿನ ಹೆಸರನ್ನು ಇಂಗ್ಲಿಷ್‌ನಲ್ಲಿ ಹುಡುಕುವಾಗ 2014ರ ನವೆಂಬರ್ 1ರ ಹಿಂದಿನ ರೂಪವನ್ನೂ ಹಾಕಿ ನೋಡಬೇಕು. ಬಳ್ಳಾರಿ, ಮಂಗಳೂರು, ಮೈಸೂರುಗಳ ಇಂಗ್ಲಿಷ್ ಕಾಗುಣಿತ ಬದಲಾದದ್ದು ಅಂದು. ಹಳೆಯ ದಾಖಲೆಗಳೆಲ್ಲ ಹಳೆಯ ಕಾಗುಣಿತದಲ್ಲೇ ಕೂತಿವೆ.

ಎಲ್ಲ ಕಂಪ್ಯೂಟರುಗಳೂ ಒಂದೇ ಬಗೆಯಲ್ಲಿ ಓದಬಲ್ಲ ಅಕ್ಷರಸಂಕೇತವಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಬೇರೆ ಬೇರೆ ಫಾಂಟುಗಳಲ್ಲಿ ಬೆರಳಚ್ಚು ಮಾಡಿಟ್ಟ ಕನ್ನಡ ಇನ್ನೂ ಸಂಕಟದ್ದು. ಆ ಫಾಂಟ್ ಇದ್ದವರ ಕಣ್ಣಿಗೆ ಅದು ಚಂದದ ಕನ್ನಡ, ಹುಡುಕು ಯಂತ್ರಕ್ಕೆ ಮಾತ್ರ ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಗೋಜಲು. ಮಾಹಿತಿ ಇದೆ, ಆದರೆ ಕನ್ನಡ ಪದ ಹಾಕಿ ಹುಡುಕಿದರೆ ಸಿಗದು. ಬರೀ ಚಿತ್ರವಾಗಿ ಸ್ಕ್ಯಾನ್ ಮಾಡಿಟ್ಟ ಹಳೆಯ ಪುಸ್ತಕಗಳದ್ದೂ ಅದೇ ಕಥೆ. ಹಳೆಯ ಪುಸ್ತಕಗಳನ್ನು ಕೂಡಿಟ್ಟಿರುವ ಇಂಟರ್ನೆಟ್ ಆರ್ಕೈವ್ ಎಂಬ ತಾಣದಲ್ಲಿರುವ ಕನ್ನಡ ಪುಸ್ತಕದ ಒಳಗಿನ ಸಾಲು ಬೇಕಾದರೆ ಪುಸ್ತಕದ ಹೆಸರು ಊಹಿಸಿ, ತೆರೆದು, ಪುಟ ತಿರುವುವುದು ಎಷ್ಟೋ ಸಲ ಅನಿವಾರ್ಯ. ಹಾಗೆ ಪುಟ ತಿರುವಿ ಉತ್ತರ ತಂದ ತಂಡಕ್ಕೆ ನಾನು ಒಂದು ಅಂಕ ಹೆಚ್ಚೇ ಕೊಡುತ್ತೇನೆ, ಪುಟಸಂಖ್ಯೆ ಬರೆದಿದ್ದರೆ.

ಇನ್ನು ನಡೆಸುವ ಬಗೆ. ಇಬ್ಬಿಬ್ಬರ ತಂಡ ಸಾಕು: ಒಬ್ಬರು ಹುಡುಕುವುದು, ಒಬ್ಬರು ಬರೆದುಕೊಳ್ಳುವುದು. ಮೂವರಾದರೆ ಮೂರನೆಯ ಮಗು ಸುಮ್ಮನೆ ನೋಡುತ್ತ ಕೂರುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆರು ಪ್ರಶ್ನೆಗೆ ಒಂದು ಗಂಟೆ. ಉತ್ತರಪತ್ರಿಕೆಯಲ್ಲಿ ಮೂರು ಕಲಂ: ಉತ್ತರ, ಸಿಕ್ಕಿದ ಪುಟದ ಕೊಂಡಿ, ಹಾಕಿದ ಹುಡುಕುಪದಗಳು. ಮೂರನೆಯ ಕಲಮಿನ ಬಗ್ಗೆ ಮಕ್ಕಳು ಗೊಣಗುತ್ತಾರೆ. ನಾನು ಮೊದಲು ಓದುವುದು ಅದನ್ನೇ. ಮೊದಲ ಹುಡುಕಾಟದಲ್ಲಿ ಆರು ಪದ ತುರುಕಿದ್ದ ತಂಡ ನಾಲ್ಕನೆಯದಕ್ಕೆ ಎರಡು ಪದಕ್ಕೆ ಬಂದಿರುತ್ತದೆ. ಕಲಿತದ್ದು ಅಲ್ಲೇ ಕಾಣುತ್ತದೆ. ಕಂಪ್ಯೂಟರ್ ಕೊಠಡಿಯಲ್ಲಿ ಕರೆಂಟು ಹೋದರೆ ಎಲ್ಲರ ಗಡಿಯಾರವೂ ನಿಲ್ಲುತ್ತದೆ ಎಂಬ ನಿಯಮವನ್ನು ಮೊದಲೇ ಹೇಳಿಬಿಡಬೇಕು. ಮನೆಮನೆಯಿಂದ ಆಡುವ ಆನ್‌ಲೈನ್ ಸ್ಪರ್ಧೆಯಾದರೆ ಗೂಗಲ್ ಫಾರ್ಮ್ ಒಂದು ಸಾಕು, ಕಳಿಸಿದ ಸಮಯ ಅದರಲ್ಲೇ ದಾಖಲಾಗುತ್ತದೆ.

ಖಾಸಗಿ ವ್ಯಕ್ತಿಗಳ ಮೇಲೆ ಪ್ರಶ್ನೆ ಕೊಡಲೇಬಾರದು. ಯಾರದೋ ಮನೆಯ ವಿಳಾಸ, ಫೋನ್ ನಂಬರು, ಮಕ್ಕಳ ಶಾಲೆ ಪತ್ತೆಹಚ್ಚುವುದು ಆಟವಲ್ಲ. ಈ ವಿಷಯದಲ್ಲಿ ನನಗೆ ರಾಜಿ ಇಲ್ಲ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಸ್ಪರ್ಧೆಯ ಕಾಲ ಮುಗಿಯಿತು ಎಂದು ಹೇಳಿದ ಸ್ನೇಹಿತರಿದ್ದಾರೆ. ನನಗೆ ಹಾಗನ್ನಿಸಿಲ್ಲ. ಅದನ್ನು ಬಳಸಬೇಡಿ ಎಂದು ನಾನು ಹೇಳುವುದಿಲ್ಲ. ಮೊದಲ ಸುಳಿವಿಗೆ ಕೇಳಿ ನೋಡಲಿ. ಆದರೆ ಎರಡನೆಯ ಕಲಮಿನಲ್ಲಿ ಅದರ ಹೆಸರು ಬರೆದರೆ ಅಂಕವಿಲ್ಲ. ಆ ಮಾತು ಎಲ್ಲಿಂದ ಬಂತೋ ಆ ಪುಟ ಬೇಕು, ಪುಟ ತೆರೆದಾಗ ಆ ಸಾಲು ಅಲ್ಲಿರಬೇಕು. ಕಳೆದ ಸಲ ಒಂದು ತಂಡ ಯಂತ್ರ ಕೊಟ್ಟ ಪುಸ್ತಕದ ಹೆಸರನ್ನು ಹಾಗೇ ಬರೆದಿತ್ತು. ಅಂಥ ಪುಸ್ತಕವೇ ಇರಲಿಲ್ಲ. ಆ ಇಬ್ಬರು ಹುಡುಗರು ಸ್ಪರ್ಧೆ ಮುಗಿದ ಮೇಲೂ ಎದ್ದು ಹೋಗದೆ, ಊಟದ ಗಂಟೆ ಹೊಡೆದ ಮೇಲೂ ಅರ್ಧ ಗಂಟೆ ಕೂತು, ಆ ಹೆಸರು ಎಲ್ಲಾದರೂ ಇದೆಯೇ ಎಂದು ಗ್ರಂಥಾಲಯಗಳ ಪಟ್ಟಿಗಳನ್ನು ಜಾಲಾಡುತ್ತಿದ್ದರು. ನಾನು ಅನ್ನ ಸಾರು ತಟ್ಟೆಗೆ ಹಾಕಿಸಿಕೊಂಡು ಹೋಗಿ ಅವರ ಪಕ್ಕ ಇಟ್ಟೆ.

ಓದಿದವರಿಗೆ ಕೈ ತುರಿಸುತ್ತಿದ್ದರೆ ಒಂದು ಪ್ರಶ್ನೆ ಬಿಟ್ಟುಹೋಗುತ್ತೇನೆ. ‘ಮಂಗಳೂರ ಸಮಾಚಾರ’ ಮಂಗಳೂರಿನಲ್ಲಿ ಬಹಳ ಕಾಲ ಉಳಿಯಲಿಲ್ಲ. ಮರುವರ್ಷವೇ ಊರೂ ಬದಲಾಯಿತು, ಹೆಸರೂ ಬದಲಾಯಿತು. ಯಾವ ಊರು, ಯಾವ ಹೆಸರು, ಊರು ಬಿಡಲು ಕಾರಣವೇನು? ಸಮಯ ಹತ್ತು ನಿಮಿಷ. ಕೊಂಡಿ ಬರೆಯಲು ಮರೆಯಬೇಡಿ.