ಮೆಕ್ಕೆ ಎರಡು ತಿಂಗಳು ಊಟ ಬಿಟ್ಟಾಗ

ನವೆಂಬರ್ ಕೊನೆಗೆ ಒಂದು ಇಲಿ ತಿಂದಿದ್ದೇ ಕೊನೆ. ಜನವರಿ ಮುಗಿಯುತ್ತ ಬಂದರೂ ನಮ್ಮ ಮೆಕ್ಕೆ ಬಾಯಿ ತೆರೆಯಲಿಲ್ಲ. ಮೆಕ್ಕೆ ಅಂದರೆ ನನ್ನ ಮಗಳು ಸಾಕಿರುವ ಕಾರ್ನ್ ಸ್ನೇಕ್. ಆರು ವರ್ಷದ ಗಂಡು, ನಾಲ್ಕಡಿ ಉದ್ದ, ಕಿತ್ತಳೆ ಮೈ ಮೇಲೆ ಕಡುಗೆಂಪು ಮಚ್ಚೆ. ನಾವಿರುವುದು ಅಮೆರಿಕದ ಓಹಿಯೋದಲ್ಲಿ. ಇಲ್ಲಿ ನಾಯಿ, ಬೆಕ್ಕಿನ ಹಾಗೆ ಈ ಹಾವನ್ನೂ ಸಾಕುವವರಿದ್ದಾರೆ. ವಿಷವಿಲ್ಲ, ಸ್ವಭಾವ ಸಾಧು, ಹದಿನೈದು ಇಪ್ಪತ್ತು ವರ್ಷ ಬದುಕುತ್ತದೆ.

ಉದ್ದನೆಯ ಚಿಮ್ಮಟದಲ್ಲಿ ಇಲಿ ಹಿಡಿದು ಆಡಿಸಿದರೆ ಎರಡು ಸಲ ನಾಲಿಗೆ ಚಾಚಿ, ತಲೆ ಆಚೆ ತಿರುಗಿಸಿ, ಮರದ ತೊಗಟೆಯ ಕೆಳಗೆ ನುಸುಳಿಬಿಡುತ್ತಿತ್ತು. ಮಗಳಿಗೆ ಅಳುವೇ ಬಂತು. ದಾವಣಗೆರೆಯಿಂದ ವಿಡಿಯೋ ಕಾಲ್‌ನಲ್ಲಿ ನೋಡುತ್ತಿದ್ದ ನಮ್ಮಮ್ಮ, "ಪಾಪ, ಬಾಯಿಲ್ಲದ ಜೀವ. ಒಂದು ಬಟ್ಟಲು ಹಾಲಾದರೂ ಇಡಬಾರದೇನವ್ವ?" ಅಂದರು. ಇಲ್ಲಿನ ಅಂಗಡಿಯೊಂದರ ಹುಡುಗ, "ಬಾಯಿ ಬಿಡಿಸಿ ಇಲಿಯನ್ನು ತುರುಕಿ" ಅಂದ. ಎರಡೂ ತಪ್ಪು. ಎರಡನೆಯದು ಅಪಾಯ ಕೂಡ. ಹಾವಿನ ಗಂಟಲು ಮೃದು, ಹರಿದರೆ ಮುಗಿಯಿತು. ಅದು ಪಶುವೈದ್ಯರು, ಅದೂ ಹಾವು ನೋಡಿ ಗೊತ್ತಿರುವವರು, ಬೇರೆ ದಾರಿಯೇ ಇಲ್ಲದಾಗ ಮಾಡುವ ಕೆಲಸ.

ಹಾಲಿನ ಮಾತು ಮಾತ್ರ ನನ್ನನ್ನು ಕಾಡುತ್ತದೆ. ಹಾಲು ಮೊಲೆಯೂಡುವ ಪ್ರಾಣಿಗಳ ಮರಿಗಳಿಗೆ ಇರುವ ಆಹಾರ. ಹಾವಿನ ಹೊಟ್ಟೆಗೆ ಅದನ್ನು ಅರಗಿಸುವ ಸಿದ್ಧತೆಯೇ ಇಲ್ಲ. ಹಾಗಾದರೆ ನಾಗರಪಂಚಮಿಯಲ್ಲಿ ಹಾವಾಡಿಗರ ಬುಟ್ಟಿಯ ಹಾವು ಕುಡಿಯುತ್ತದಲ್ಲ? ಅದಕ್ಕೆ ದಿನಗಟ್ಟಲೆ ನೀರು ಕೊಡದೆ ಒಣಗಿಸಿರುತ್ತಾರೆ. ಬಾಯಾರಿದ ಜೀವ ಎದುರಿಗೆ ಬಂದ ಯಾವ ದ್ರವವನ್ನಾದರೂ ಕುಡಿಯುತ್ತದೆ. ಎಷ್ಟೋ ಹಾವುಗಳು ಅದರಿಂದಲೇ ಸಾಯುತ್ತವೆ. ನಾವು ಭಕ್ತಿ ಅಂದುಕೊಂಡು ನೋಡುತ್ತಿರುವುದು ಅದರ ಸಂಕಟವನ್ನು.

ಈ ನಂಬಿಕೆ ನಮ್ಮಲ್ಲಿ ಮಾತ್ರ ಇಲ್ಲ. ಓಹಿಯೋದ ಕೊಟ್ಟಿಗೆಗಳಲ್ಲಿ ಮಿಲ್ಕ್ ಸ್ನೇಕ್ ಅನ್ನುವ ಹಾವಿದೆ. ಹಸುವಿನ ಕೆಚ್ಚಲಿಗೆ ಬಾಯಿಟ್ಟು ಹಾಲು ಕುಡಿಯುತ್ತದೆ ಅಂತ ಇಲ್ಲಿನ ರೈತರು ನಂಬಿದ್ದರಿಂದ ಬಂದ ಹೆಸರು. ಕೇರೆಹಾವು ಹಸುವಿನ ಕಾಲಿಗೆ ಸುತ್ತಿಕೊಂಡು ಹಾಲು ಕುಡಿಯುತ್ತದೆ ಅಂತ ನಾನೂ ಊರಲ್ಲಿ ಕೇಳಿಯೇ ಬೆಳೆದವಳು. ಎರಡು ದೇಶ, ಒಂದೇ ಕಥೆ! ಕಾರಣವೂ ಒಂದೇ. ಕೊಟ್ಟಿಗೆಯಲ್ಲಿ ಇಲಿ ಇರುತ್ತದೆ, ಇಲಿಯ ಹಿಂದೆ ಹಾವು ಬರುತ್ತದೆ. ಒಳಕ್ಕೆ ಬಾಗಿದ ಸೂಜಿಯಂಥ ಹಲ್ಲುಗಳಿರುವ ಬಾಯಿಯನ್ನು ಯಾವ ಹಸು ತಾನೇ ಸುಮ್ನೆ ಬಿಟ್ಟೀತು? ಕಾರ್ನ್ ಸ್ನೇಕ್ ಹೆಸರಿಗೂ ಇಂಥದ್ದೇ ಒಂದು ಕಥೆ ಹೇಳುತ್ತಾರೆ. ಮೆಕ್ಕೆಜೋಳದ ಕಣಜಗಳಲ್ಲಿ ಇಲಿ ಹಿಡಿಯುತ್ತಿತ್ತು, ಅದಕ್ಕೇ ಆ ಹೆಸರು ಅಂತ. ಹೊಟ್ಟೆಯ ಕಪ್ಪು ಬಿಳಿ ಚೌಕಗಳು ಬಣ್ಣದ ಜೋಳದ ಕಾಳಿನಂತಿವೆ ಅನ್ನುವವರೂ ಇದ್ದಾರೆ. ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1766ರಲ್ಲಿ ಇದಕ್ಕೆ ಶಾಸ್ತ್ರೀಯ ಹೆಸರಿಟ್ಟಾಗ ಮಚ್ಚೆಗಳನ್ನು ನೋಡಿ 'ಗುಟ್ಟೇಟಸ್', ಅಂದರೆ ಮಚ್ಚೆಯುಳ್ಳದ್ದು, ಅಂದ. ಮಗಳು ಜೋಳವನ್ನು ನೋಡಿ ಮೆಕ್ಕೆ ಅಂದಳು.

ಈಗ ಊಟಕ್ಕೆ ಬರೋಣ. ನಾನು ಮೊದಲು ನೋಡಬೇಕಾಗಿದ್ದದ್ದು ಹಾವನ್ನಲ್ಲ, ಅದರ ಗೂಡಿನ ಬಿಸಿಯನ್ನು. ಬೆಚ್ಚಗಿನ ಮೂಲೆಯ ನೆಲ 29 ಡಿಗ್ರಿ ಸೆಲ್ಸಿಯಸ್ ಆಸುಪಾಸು ಇರಬೇಕು. ಅಳೆದರೆ 22! ಗೂಡು ತೊಳೆದು ಜೋಡಿಸುವಾಗ ಬಿಸಿಯನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್‌ನ ಬಿಸಿ ಅಳೆಯುವ ತಂತಿ ಜಾರಿ, ನೆಲದಡಿ ಕಾಯಿಸುವ ಹೀಟ್ ಮ್ಯಾಟ್‌ಗೇ ನೇರವಾಗಿ ಅಂಟಿಕೊಂಡಿತ್ತು. ಮ್ಯಾಟ್ ಸ್ವಲ್ಪ ಕಾದ ಕೂಡಲೇ ಅದು ಕರೆಂಟು ನಿಲ್ಲಿಸುತ್ತಿತ್ತು. ಮೇಲಿನ ನೆಲ ತಣ್ಣಗೇ ಉಳಿಯುತ್ತಿತ್ತು.

ಬರೀ ಏಳು ಡಿಗ್ರಿ, ಅದರಲ್ಲೇನು ಅನ್ನಬೇಡಿ. ನನಗೆ ಈ ವಿಷಯದಲ್ಲಿ ಬಹಳ ಖುಷಿ ಕೊಡುವ ಸಂಗತಿ ಇರುವುದೇ ಇಲ್ಲಿ. ಹಾವು ಇಲಿಯನ್ನು ಅಗಿಯುವುದಿಲ್ಲ. ಚರ್ಮ, ಮೂಳೆ ಎಲ್ಲ ಸೇರಿ ಇಡೀ ಇಲಿ ಒಳಗೆ ಹೋಗುತ್ತದೆ. ಅದನ್ನು ಕರಗಿಸುವುದು ಹೊಟ್ಟೆಯ ಆಮ್ಲ ಮತ್ತು ಕಿಣ್ವಗಳು. ಕಿಣ್ವಗಳ ಕೆಲಸ ಬಿಸಿಯನ್ನೇ ನಂಬಿದೆ. ಹತ್ತು ಡಿಗ್ರಿ ಏರಿದರೆ ಮೈಯೊಳಗಿನ ಇಂಥ ಕೆಲಸದ ವೇಗ ಸುಮಾರು ಎರಡರಿಂದ ಮೂರು ಪಟ್ಟಾಗುತ್ತದೆ. ಚಳಿ ದೇಶದಲ್ಲಿರುವ ಕನ್ನಡದವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಇಡ್ಲಿ ಹಿಟ್ಟು ನಮ್ಮೂರಲ್ಲಿ ಒಂದೇ ರಾತ್ರಿಗೆ ಪಾತ್ರೆ ಮೀರಿ ಉಕ್ಕುತ್ತದೆ. ಓಹಿಯೋ ಜನವರಿಯಲ್ಲಿ ಅದೇ ಹಿಟ್ಟು ಎರಡು ದಿನವಾದರೂ ಕಲ್ಲಿನಂತೆ ಕೂತಿರುತ್ತದೆ. ಓವನ್ನಿನೊಳಗೆ ದೀಪ ಹಚ್ಚಿ ಇಟ್ಟರೆ ಮಾತ್ರ ಏಳುತ್ತದೆ. ಹಾವಿನ ಹೊಟ್ಟೆಯೂ ಹಾಗೇ. ತಣ್ಣಗಿನ ಹೊಟ್ಟೆಯಲ್ಲಿ ಇಲಿ ಅರಗುವ ಮೊದಲೇ ಕೊಳೆಯಲು ಶುರುವಾಗಬಹುದು. ಆಗ ಹಾವು ಅದನ್ನು ಕಕ್ಕುತ್ತದೆ. ಒಮ್ಮೆ ಕಕ್ಕಿದರೆ ಹೊಟ್ಟೆ ಸುಧಾರಿಸಿಕೊಳ್ಳಲು ಹತ್ತು ಹದಿನಾಲ್ಕು ದಿನ ಬಿಡಬೇಕು.

ಹಾಗಾಗಿ ಮೆಕ್ಕೆ ತಲೆ ತಿರುಗಿಸಿದ್ದು ಹಟವಲ್ಲ, ಮುನಿಸಲ್ಲ. ಬೇಯಿಸಲು ಉರಿ ಇಲ್ಲದ ಮನೆಗೆ ಅಕ್ಕಿ ತಂದು ಏನು ಮಾಡುವುದು?

ಆದರೂ ಎರಡು ತಿಂಗಳು ಹೇಗೆ ತಡೆಯಿತು? ನಮ್ಮ ಮೈ ಬಚ್ಚಲುಮನೆಯ ಹಂಡೆ ಒಲೆ ಇದ್ದ ಹಾಗೆ. ನೀರು ಸದಾ ಬಿಸಿ ಇರಬೇಕು ಅಂದರೆ ಸೌದೆ ತುರುಕುತ್ತಲೇ ಇರಬೇಕು. ನಾವು ತಿನ್ನುವುದರಲ್ಲಿ ದೊಡ್ಡ ಪಾಲು ಮೈಯನ್ನು 37 ಡಿಗ್ರಿಯಲ್ಲಿ ಇಡುವುದಕ್ಕೇ ಖರ್ಚು. ಹಾವು ಮಾಳಿಗೆ ಮೇಲೆ ಒಣಹಾಕಿದ ಸಂಡಿಗೆಯ ಹಾಗೆ. ಬಿಸಿಯ ಕೆಲಸ ಬಿಸಿಲಿನದು, ಸೌದೆಯ ಖರ್ಚೇ ಇಲ್ಲ. ಅರ್ಕನ್ಸಾ ವಿಶ್ವವಿದ್ಯಾಲಯದಲ್ಲಿ ಮಾರ್ಷಲ್ ಮೆಕ್ಯೂ ಎಂಬ ವಿಜ್ಞಾನಿ ಹಾವುಗಳನ್ನು 168 ದಿನದವರೆಗೆ ಆಹಾರವಿಲ್ಲದೆ ಇಟ್ಟು ನೋಡಿದರು. ಅದರಲ್ಲಿ ಕಾರ್ನ್ ಸ್ನೇಕ್‌ನ ಹತ್ತಿರದ ಸಂಬಂಧಿಯಾದ ಅಮೆರಿಕದ ರ‍್ಯಾಟ್ ಸ್ನೇಕ್ ಕೂಡ ಇತ್ತು. 2007ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಓದಿ ನಾನು ಬೆರಗಾದೆ. ಕೆಲವು ಹಾವುಗಳು ಮೈಯ ಖರ್ಚನ್ನು ಹೆಚ್ಚೆಂದರೆ ಶೇ 72ರಷ್ಟು ಕಡಿಮೆ ಮಾಡಿಕೊಂಡಿದ್ದವು. ಅಷ್ಟು ದಿನ ಏನೂ ತಿನ್ನದೆಯೂ ಉದ್ದ ಬೆಳೆದಿದ್ದವು!

ಇದನ್ನು ಓದಿ ನಿಶ್ಚಿಂತೆಯಿಂದ ಕೂರಬೇಡಿ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ಡಬ್ಬಿ ಇಟ್ಟು ವಾರಕ್ಕೊಮ್ಮೆ ಹಾವನ್ನು ತೂಗಿ, ಬರೆದಿಡಿ. ಮೆಕ್ಕೆ 412 ಗ್ರಾಂನಿಂದ 401ಕ್ಕೆ ಇಳಿದಿತ್ತು, ಅಷ್ಟೇ. ತೂಕ ಹತ್ತರಲ್ಲಿ ಒಂದು ಪಾಲು ಇಳಿದರೆ, ಬಾಯಲ್ಲಿ ನೊರೆ ಕಂಡರೆ, ಉಸಿರಾಡುವಾಗ ಸದ್ದು ಬಂದರೆ ಆ ದಿನವೇ ವೈದ್ಯರ ಹತ್ತಿರ ಹೋಗಿ. ಮರಿಗಳ ವಿಷಯದಲ್ಲಂತೂ ಕಾಯಲೇಬಾರದು, ಅವುಗಳ ಮೈಯಲ್ಲಿ ಕೂಡಿಟ್ಟ ಕೊಬ್ಬು ತೀರಾ ಕಡಿಮೆ. ಕಾಡಿನಲ್ಲಿ ಈ ಮರಿಗಳ ಮೊದಲ ಊಟ ಪುಟ್ಟ ಹಲ್ಲಿ, ಮರಗಪ್ಪೆ. ನಾವು ಇಲಿಮರಿ ಕೊಟ್ಟರೆ ಅದು ಊಟ ಅಂತಲೇ ಕೆಲವಕ್ಕೆ ಹೊಳೆಯುವುದಿಲ್ಲ. ಅನುಭವಸ್ಥರು ಇಲಿಮರಿಯ ಮೂತಿಗೆ ಹಲ್ಲಿಯ ವಾಸನೆ ಹಚ್ಚಿ ಕೊಡುತ್ತಾರೆ.

ವಾಸನೆಯೇ ಹಾವಿನ ಜಗತ್ತು. ಸೀಳುನಾಲಿಗೆ ಗಾಳಿಯಿಂದ ಕಣಗಳನ್ನು ಎತ್ತಿ ತಂದು ಬಾಯಿಯ ಮೇಲ್ಭಾಗದ ಜೇಕಬ್‌ಸನ್ ಅಂಗಕ್ಕೆ ಮುಟ್ಟಿಸುತ್ತದೆ. ಡೆನ್ಮಾರ್ಕಿನ ಶಸ್ತ್ರವೈದ್ಯ ಜೇಕಬ್‌ಸನ್ 1813ರಲ್ಲಿ ಈ ಅಂಗವನ್ನು ವಿವರಿಸಿದ್ದು ಸಾಕುಪ್ರಾಣಿಗಳ ಮೂಗಿನಲ್ಲಿ. ಹೆಬ್ಬಾವಿನ ತುಟಿಯಂಚಿನಲ್ಲಿ ಬಿಸಿ ಗುರುತಿಸುವ ಗುಳಿಗಳಿರುತ್ತವೆ. ಕಾರ್ನ್ ಸ್ನೇಕ್‌ಗೆ ಅವಿಲ್ಲ. ಆದರೂ ಫ್ರೀಜರಿನ ಇಲಿಯನ್ನು ಬಿಸಿನೀರಲ್ಲಿ ಬೆಚ್ಚಗೆ ಮಾಡಿಯೇ ಕೊಡುವುದು ಯಾಕೆ? ಬಿಸಿ ಸಾರಿನ ಘಮ ಬೀದಿವರೆಗೆ ಬರುತ್ತದೆ, ತಣ್ಣಗಿನ ಸಾರಿನದು ಪಾತ್ರೆ ಬಿಟ್ಟು ಏಳುವುದಿಲ್ಲ, ಅಲ್ವಾ? ಜೀವಂತ ಇಲಿ ಮಾತ್ರ ಬೇಡ. ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯ ಮಾಡಿಬಿಡುತ್ತದೆ.

ತಂತಿ ಸರಿಮಾಡಿದೆವು, ನೆಲ 29ಕ್ಕೆ ಬಂತು. ಆದರೂ ಮೆಕ್ಕೆ ತಿನ್ನಲಿಲ್ಲ. ಮಗಳು ಟಾರ್ಚ್ ಹಿಡಿದು ನೋಡಿದರೆ ಕಣ್ಣು ಹಾಲುನೀಲಿಗೆ ತಿರುಗಿದ್ದವು. ಪೊರೆ ಬಿಡುವ ಕಾಲ. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೂ ಪೊರೆಯೇ. ಹಳೆ ಪೊರೆ, ಹೊಸ ಪೊರೆಯ ನಡುವೆ ದ್ರವ ತುಂಬಿದಾಗ ಎಲ್ಲ ಮಬ್ಬು. ಆಗ ಹೆಚ್ಚಿನ ಹಾವುಗಳು ತಿನ್ನುವುದಿಲ್ಲ. ನೀರಿನ ಬಟ್ಟಲು ತುಂಬಿಸಿ, ಒದ್ದೆ ಪಾಚಿಯ ಡಬ್ಬಿ ಇಟ್ಟು ಸುಮ್ಮನಾದೆವು.

ಎಂಟನೇ ದಿನ ಇಡೀ ಪೊರೆ ಒಂದೇ ತುಂಡಾಗಿ, ಕಾಲುಚೀಲ ಕಳಚಿದ ಹಾಗೆ ಬಿದ್ದಿತ್ತು. ಮಾರನೇ ಸಂಜೆ ದೀಪ ಸಣ್ಣಗೆ ಮಾಡಿ ಇಲಿ ತೋರಿಸಿದೆವು. ಈ ಸಲ ನಾಲಿಗೆ ನಿಲ್ಲಲೇ ಇಲ್ಲ. ಕುತ್ತಿಗೆ ಇಂಗ್ಲಿಷಿನ 'ಎಸ್' ಅಕ್ಷರದಂತೆ ಮಡಚಿಕೊಂಡಿತು. ಕಣ್ಣು ಮಿಟುಕಿಸುವಷ್ಟರಲ್ಲಿ ಇಲಿ ಚಿಮ್ಮಟದಿಂದ ಮಾಯ. ತಲೆಯ ಕಡೆಯಿಂದ ಶುರುಮಾಡಿ, ಒಂದೊಂದೇ ದವಡೆ ಮುಂದಿಡುತ್ತ ನುಂಗಿತು. ಕೊನೆಗೆ ಒಂದಿಂಚು ಬಾಲ ಮಾತ್ರ ಬಾಯಂಚಲ್ಲಿ ಉಳಿದು, ಅದೂ ಒಳಗೆ ಹೋಯಿತು. ಊಟವಾದ ಮೇಲೆ ಎರಡು ದಿನ ಮುಟ್ಟಬಾರದು, ಮುಟ್ಟಿದರೆ ಕಕ್ಕಬಹುದು. ಮಗಳು ಗೂಡಿನ ಮುಚ್ಚಳಕ್ಕೆ ಚೀಟಿ ಅಂಟಿಸಿ, ದಾವಣಗೆರೆಗೆ ಫೋನು ಹಚ್ಚಿದಳು.